ಆ ಊರಿನಿಂದ ಯಾರೂ ಕಾಣೆಯಾಗಿಲ್ಲ

ಸಂಕ್ರಾಂತಿ ಕಳೆದ ವಾರ ಭದ್ರಾವತಿಯಲ್ಲಿ ಹಳೆಯ ಸಹೋದ್ಯೋಗಿಯೊಬ್ಬರ ಮಗಳ ನಿಶ್ಚಿತಾರ್ಥ ಮುಗಿಸಿಕೊಂಡು ಬಸ್ಸಿನಲ್ಲಿ ಶಿವಮೊಗ್ಗಕ್ಕೆ ವಾಪಸು ಬರುತ್ತಿದ್ದೆ. ಊರು ದಾಟಿ ಸ್ವಲ್ಪ ದೂರ ಬಂದಿರಬೇಕು, ಕಿಟಕಿಯಿಂದ ಕಬ್ಬಿನ ಹಾಲು ಕುದಿಯುವ ವಾಸನೆ ನುಗ್ಗಿತು. ಗದ್ದೆಯ ಮಧ್ಯೆ ಯಾರೋ ಆಲೆಮನೆ ಹೂಡಿದ್ದರು; ಕೊಪ್ಪರಿಗೆಯ ಮೇಲೆ ಬಿಳಿ ಹಬೆ ಎದ್ದಿತ್ತು. ಬಸ್ಸಿನಲ್ಲಿದ್ದವರೆಲ್ಲ ಆ ಕಡೆ ತಿರುಗಿದರು. ಪಕ್ಕದಲ್ಲಿ ಕೂತಿದ್ದ ಹೆಂಗಸು ಮಡಿಲಿನ ಮಗುವಿಗೆ ಬೆಲ್ಲ ಮಾಡುವುದನ್ನು ತೋರಿಸತೊಡಗಿದಳು. ನಾನು ಕಿಟಕಿಯ ಗಾಜು ಎಳೆದುಬಿಟ್ಟೆ. ಆಕೆ ನನ್ನ ಮುಖ ನೋಡಿದಳು.

ಆ ವಾಸನೆ ಬಂದರೆ ನನಗೆ ಗಂಗಮ್ಮ ನೆನಪಾಗುತ್ತಾಳೆ. ಅವಳ ಮಾತು ಕೇಳಿಸಿಕೊಳ್ಳುತ್ತ, ನಾನು ಕಂಡಿರದ ಒಂದು ಊರಿನಲ್ಲಿ ಇಡೀ ಒಂದು ಚಳಿಗಾಲ ಓಡಾಡಿಕೊಂಡಿದ್ದೆ. ಆಮೇಲೆ ಆ ಊರನ್ನು ಕಣ್ಣಾರೆ ಕಂಡೂ ಬಂದೆ. ಊರಿನ ಹೆಸರು ಇಲ್ಲಿ ಬರೆಯುವುದಿಲ್ಲ. ಅಲ್ಲಿ ಈಗಲೂ ಜನ ಇದ್ದಾರೆ, ಅವರಲ್ಲಿ ಒಬ್ಬಿಬ್ಬರಾದರೂ ನೆಮ್ಮದಿಯಾಗಿರಲಿ.

ನಾನು ಭದ್ರಾವತಿಯ ಪ್ರೌಢಶಾಲೆಯೊಂದರಲ್ಲಿ ಹಿಂದಿ ಟೀಚರ್ ಆಗಿದ್ದವಳು. ಕಾರ್ಖಾನೆ ಕ್ವಾರ್ಟರ್ಸಿನ ಮಕ್ಕಳು ಮನೆಯಲ್ಲಿ ತಮಿಳೋ ತೆಲುಗೋ ಮಾತಾಡಿ, ಬೀದಿಯಲ್ಲಿ ಕನ್ನಡ ಮಾತಾಡಿ, ನನ್ನ ಹತ್ತಿರ ಪಾಸಾಗುವಷ್ಟು ಹಿಂದಿ ಕಲಿತು ಹೋಗುತ್ತಿದ್ದರು. ನಾನು ಕಲಿತದ್ದೂ ಹಾಗೆಯೇ, ಪರೀಕ್ಷೆಯ ಮೇಲೆ ಪರೀಕ್ಷೆ ಕಟ್ಟಿ. ಹಿಂದಿ ಮಾತಾಡುವ ಹಳ್ಳಿ ನನಗೆ ಗೊತ್ತಿದ್ದದ್ದು ಪಠ್ಯಪುಸ್ತಕದಲ್ಲಿ ಮಾತ್ರ. ಅಲ್ಲಿ ಎತ್ತು ಇರುತ್ತಿತ್ತು, ಬಾವಿ ಇರುತ್ತಿತ್ತು, ಪಾಠದ ಕೊನೆಗೆ ಒಂದು ನೀತಿ ಇರುತ್ತಿತ್ತು.

ನಿವೃತ್ತಿಯಾದ ಮೇಲೆ ದುರ್ಗಿಗುಡಿಯ ನಮ್ಮ ಮನೆಯಲ್ಲಿ ಇದ್ದೆ. ವಿಮಾನ ನಿಲ್ದಾಣ ಶುರುವಾದ ವರ್ಷ ಅದು. ರಾಗಿಗುಡ್ಡದ ಹತ್ತಿರ, ದಿಕ್ಕಿಲ್ಲದ ಹೆಂಗಸರನ್ನು ಇಟ್ಟುಕೊಳ್ಳುವ ಒಂದು ಆಶ್ರಯಧಾಮವಿತ್ತು. ಅದರ ಮೇಲ್ವಿಚಾರಕಿ ನಾಗರತ್ನಮ್ಮ ಮೊದಲು ನಮ್ಮ ಬೀದಿಯಲ್ಲಿದ್ದವರು, ಬಾಯಿ ಒರಟು, ಕೈ ಚುರುಕು. ಆ ಮಳೆಗಾಲದಲ್ಲಿ ಒಂದು ದಿನ ಅವರು ಮನೆಗೇ ಬಂದರು. ಭದ್ರಾವತಿ ಸ್ಟೇಷನ್ನಿನಲ್ಲಿ ಒಬ್ಬ ಹೆಂಗಸು ಸಿಕ್ಕಿದ್ದಾಳೆ, ಪ್ಲಾಟ್‌ಫಾರ್ಮ್ ಬಿಟ್ಟು ಏಳಲೇ ಇಲ್ಲವಂತೆ, ಪೊಲೀಸರು ಎತ್ತಿಕೊಂಡು ಬಂದು ಬಿಟ್ಟುಹೋದರು ಎಂದರು.

‘ಒಂದ್ಸಲ ಮಾತಾಡಿ ನೋಡಿ ಟೀಚರ್. ಎಲ್ರೂ ಹುಚ್ಚಿ ಅಂತಿದಾರೆ. ನಂಗೆ ಹಂಗನ್ಸಲ್ಲ. ಹುಚ್ಚಿ ಆಗಿದ್ರೆ ಇಷ್ಟು ನೀಟಾಗಿ ತಲೆ ಬಾಚ್ಕೊತಿರ್ಲಿಲ್ಲ.’

ಹೋದೆ. ನಲವತ್ತರ ಆಸುಪಾಸಿನ ಹೆಂಗಸು. ಬೈತಲೆಗೆ ಧಾಮದ ದೇವರಕೋಣೆಯ ಕುಂಕುಮವನ್ನೇ ಉದ್ದಕ್ಕೆ ಎಳೆದುಕೊಂಡಿದ್ದಳು. ಹಿಂದಿಯವಳಾದ್ದರಿಂದ ಗಂಗೆಯ ಕಡೆಯವಳಿರಬೇಕು ಎಂದು ಅಲ್ಲಿನವರು ಗಂಗಮ್ಮ ಎಂದು ಹೆಸರಿಟ್ಟಿದ್ದರು. ನಾನು ಎದುರು ಕೂತು, ಬಹುವಚನ ಹಾಕಿ, ನಿಮ್ಮ ಶುಭನಾಮವೇನು ಎಂದು ಶುದ್ಧ ಹಿಂದಿಯಲ್ಲಿ ಕೇಳಿದೆ. ಅವಳು ಸ್ವಲ್ಪ ಹೊತ್ತು ನನ್ನ ಬಾಯಿಯನ್ನೇ ನೋಡಿ, ಪಕ್ಕದಲ್ಲಿದ್ದ ಗೋಡೆಗೆ ಹೇಳುವ ಹಾಗೆ, ‘ಈ ತ ರೇಡಿಯೋ ನಿಯನ್ ಬೋಲೇಲಿ’ ಎಂದಳು. ಇವಳು ರೇಡಿಯೋ ಥರ ಮಾತಾಡ್ತಾಳೆ ಅಂತ. ಅದು ನಾನು ಕಲಿಸಿದ ಹಿಂದಿಯಲ್ಲ. ಅದರ ಹಳ್ಳಿಯ ಅಕ್ಕನೋ ತಾಯಿಯೋ ಇರಬೇಕು. ಅರ್ಧ ಗೊತ್ತಾಗುತ್ತಿತ್ತು, ಅರ್ಧ ಊಹೆ.

ತಿಂಗಳುಗಟ್ಟಲೆ ಅವಳಿಂದ ಹೊರಟದ್ದು ಎರಡೇ ವಿಷಯ. ತಾನು ಬಿಸೇಸರನ ತಾಯಿ. ಅವರು ಚಹಾ ತರಲು ಹೋಗಿದ್ದಾರೆ, ಬರುತ್ತಾರೆ. ಯಾರು ಎಂದರೆ ತಲೆ ತಗ್ಗಿಸುತ್ತಿದ್ದಳು. ಗಂಡನೇ ಎಂದು ಗೊತ್ತಾಯಿತು, ಹೆಸರು ಮಾತ್ರ ಬರಲಿಲ್ಲ. ನಮ್ಮಲ್ಲೂ ಹಿಂದಿನವರು ಗಂಡನ ಹೆಸರು ಹೇಳುತ್ತಿರಲಿಲ್ಲ. ಮದುವೆಮನೆಯಲ್ಲಿ ಬಲವಂತ ಮಾಡಿದರೆ ಒಗಟು ಕಟ್ಟಿ ಹೇಳುತ್ತಿದ್ದರು. ಇವಳಿಗೆ ಒಗಟೂ ಇರಲಿಲ್ಲ. ಹೆಸರು ಬಾಯಿಗೆ ಬಂದರೆ ಅವರ ಆಯುಸ್ಸು ಕಡಿಮೆಯಾಗುತ್ತದೆ ಎಂದಳು. ಪೊಲೀಸರಿಗೆ ಬೇಕಿದ್ದದ್ದು ಗಂಡನ ಹೆಸರು ಮತ್ತು ಜಿಲ್ಲೆ. ಜಿಲ್ಲೆ ಅಂದರೇನೆಂದು ಅವಳಿಗೆ ಗೊತ್ತಿರಲಿಲ್ಲ.

ದೀಪಾವಳಿ ಕಳೆದ ಮೇಲೆ ಒಂದು ದಿನ ಅವಳು ಅನ್ನ ನೀರು ಎರಡನ್ನೂ ಬಿಟ್ಟಳು. ಸಂಜೆ ಹಿತ್ತಲಲ್ಲಿ ಬಟ್ಟೆ ನೆನೆಸುವ ಸಿಮೆಂಟಿನ ತೊಟ್ಟಿಗೆ ಇಳಿದು, ಉಟ್ಟ ಸೀರೆಯಲ್ಲೇ ಸೊಂಟದ ತನಕ ನೀರಲ್ಲಿ ನಿಂತು, ಕೈಯಲ್ಲಿ ಒಂದು ಬಾಳೆಹಣ್ಣು ಹಿಡಿದು ಮುಳುಗುವ ಸೂರ್ಯನ ಕಡೆ ಮುಖ ಮಾಡಿದಳಂತೆ. ಹುಚ್ಚು ಕೆದರಿದೆ ಎಂದು ಇಬ್ಬರು ಆಯಾಗಳು ಎಳೆದು ಹಾಕಿದರು. ಮಾರನೆಯ ಬೆಳಿಗ್ಗೆ ಕತ್ತಲಲ್ಲೇ ಮತ್ತೆ ತೊಟ್ಟಿಗೆ ಹೋಗಲು ನೋಡಿದಾಗ ಕೋಣೆಯೊಳಗೆ ಕೂಡಿದರು. ಈ ಹೆಂಗಸು ನನ್ನ ಕೈಯಲ್ಲೇ ಸಾಯ್ತಾಳೆ ಎಂದು ಹೆದರಿದ ನಾಗರತ್ನಮ್ಮ, ಒಬ್ಬಳಿಂದ ಕೈ ಹಿಡಿಸಿ, ಇನ್ನೊಬ್ಬಳಿಂದ ಮೂಗು ಮುಚ್ಚಿಸಿ, ತಾವೇ ಬಾಯಿಗೆ ಗಂಜಿ ಹುಯ್ದರು. ಅವಳು ಅದನ್ನೆಲ್ಲ ಕಕ್ಕಿ, ಕಕ್ಕಿದ್ದರ ಮುಂದೆಯೇ ಕೂತು ದಿನವೆಲ್ಲ ಅತ್ತಳು. ಅದು ಅವರ ಕಡೆಯ ಛಠ್ ವ್ರತ, ಮಗನ ಆಯುಸ್ಸಿಗಾಗಿ ತಾಯಂದಿರು ಹನಿ ನೀರೂ ಕುಡಿಯದೆ ಮಾಡುವುದು, ನಡುವೆ ಮುರಿದರೆ ಮಗನಿಗೆ ಕೇಡು ಎಂಬುದು ನನಗೆ ತಿಳಿದದ್ದು ಎರಡು ತಿಂಗಳ ಮೇಲೆ. ಹಬ್ಬಗಳ ಮೇಲೆ ಪ್ರಬಂಧ ಬರೆಸುತ್ತಿದ್ದವಳು ನಾನು. ಆ ಪ್ರಬಂಧದಲ್ಲಿ ಛಠ್ ಇರಲಿಲ್ಲ.

ಅವಳ ಬಾಯಿ ಬಿಡಿಸಿದ್ದು ಬೆಲ್ಲ. ಪುಷ್ಯಮಾಸದಲ್ಲಿ ಯಾರೋ ದಾನಿಗಳು ಧಾಮದ ಹೆಂಗಸರನ್ನು ಭದ್ರಾವತಿಯ ಕಡೆ ದೇವಸ್ಥಾನಕ್ಕೆ ವ್ಯಾನಿನಲ್ಲಿ ಕಳಿಸಿದ್ದರು. ಜೊತೆಗೆ ನಾನೂ ಇದ್ದೆ. ದಾರಿಯಲ್ಲಿ ಆಲೆಮನೆ ಸಿಕ್ಕಿತು. ಡ್ರೈವರು ಕಬ್ಬಿನ ಹಾಲು ಕುಡಿಯಲು ನಿಲ್ಲಿಸಿದ. ಗಂಗಮ್ಮ ಇಳಿದವಳೇ ನೇರ ಕೊಪ್ಪರಿಗೆಯ ಹತ್ತಿರ ಹೋಗಿ, ಕೆಲಸದವನ ಕೈಯಿಂದ ಉದ್ದ ಹಿಡಿಕೆಯ ಜಾಲರಿ ಇಸಿದುಕೊಂಡು ಮಡ್ಡಿ ನೊರೆ ತೆಗೆಯಲು ನಿಂತಳು. ಆಲೆಮನೆಯ ಗೌಡರು ನಗುತ್ತ ಸುಮ್ಮನಾದರು. ಬಿಸಿ ಬೆಲ್ಲ ಎಲೆಯ ಮೇಲೆ ಹಾಕಿಕೊಟ್ಟರೆ ಬೆರಳು ಸುಟ್ಟರೂ ಬಿಡದೆ ತಿಂದಳು. ಆಮೇಲೆ ಕಬ್ಬಿನ ಸಿಪ್ಪೆಯ ರಾಶಿಗೆ ಒರಗಿ ಮಾತಾಡಲು ಶುರು ಮಾಡಿದಳು. ದೇವಸ್ಥಾನಕ್ಕೆ ಹೋಗಿ ವಾಪಸು ರಾಗಿಗುಡ್ಡಕ್ಕೆ ಬರುವ ತನಕ ನಿಲ್ಲಿಸಲಿಲ್ಲ.

ಅಂದಿನಿಂದ ನಾನು ಎರಡು ದಿನಕ್ಕೊಮ್ಮೆ ಹೋಗುತ್ತಿದ್ದೆ. ಅವಳು ಅಕ್ಕಿ ಆರಿಸುತ್ತ ಹೇಳುತ್ತಿದ್ದಳು.

ಊರು ನದಿಯ ದಡದಲ್ಲಿತ್ತು, ನೇಪಾಳದ ಕಡೆಯಿಂದ ಇಳಿದುಬರುವ ನದಿ. ಅದು ಹರಿಯುವ ಜಾಗ ಬದಲಿಸುತ್ತಲೇ ಇರುತ್ತದೆ. ಅವಳ ಅತ್ತೆಯ ಕಾಲದಲ್ಲಿ ಒಂದು ಸಲ, ಅದಕ್ಕೂ ಮುಂಚೆ ಎರಡು ಸಲ ಊರನ್ನೇ ನುಂಗಿತ್ತಂತೆ. ದಡ ಕುಸಿಯುವ ಸದ್ದು ಕೇಳಿದ ಕೂಡಲೇ ಜನ ಗೋಡೆ ಬಿಟ್ಟು ಬಾಗಿಲು ಕಿತ್ತುಕೊಂಡು ಓಡುತ್ತಾರೆ. ಗೋಡೆ ಮಣ್ಣಿನದು, ಎಲ್ಲಿ ಬೇಕಾದರೂ ಕಟ್ಟಬಹುದು, ಮರ ಸಿಗುವುದಿಲ್ಲ. ಹಾಗಾಗಿ ಆ ಊರಿನಲ್ಲಿ ಮನೆಗಿಂತ ಬಾಗಿಲಿಗೆ ವಯಸ್ಸು ಜಾಸ್ತಿ. ಅವರ ಮನೆಯ ಬಾಗಿಲು ಮೂರು ಊರು ಕಂಡದ್ದು. ಊರ ಹೊರಗೆ ಬಿಳಿಯರ ಕಾಲದ ನೀಲಿಯ ತೊಟ್ಟಿಗಳು ಪಾಳು ಬಿದ್ದಿದ್ದವು. ನೀಲಿಯ ಸೊಪ್ಪನ್ನು ಅದರಲ್ಲಿ ಕೊಳೆಹಾಕಿ, ಅವಳ ಗಂಡನ ಅಜ್ಜಂದಿರು ಎದೆ ಮಟ್ಟ ನೀರಿನಲ್ಲಿ ನಿಂತು ಕೋಲಿನಿಂದ ಬಡಿಯುತ್ತಿದ್ದರಂತೆ. ಅವರ ಚರ್ಮ ಸಾಯುವ ತನಕ ನೀಲಿಯಾಗಿಯೇ ಇತ್ತು, ಸುಟ್ಟರೂ ಬೂದಿ ನೀಲಿ ಎಂದು ಹೇಳುತ್ತಾರೆ ಎಂದಳು. ಈಗ ಆ ತೊಟ್ಟಿಯಲ್ಲಿ ನಾಯಿಗಳು ಮರಿ ಹಾಕುತ್ತವೆ.

ಮಳೆಗಾಲದಲ್ಲಿ ಊರಿಗೆ ಊರೇ ನದಿಯ ಏರಿಯ ಮೇಲೆ ಬಂದು ಪ್ಲಾಸ್ಟಿಕ್ಕಿನ ಕೆಳಗೆ ಕೂರುತ್ತದೆ. ದನ, ಮಕ್ಕಳು, ಸೌದೆ, ಹಾವು ಎಲ್ಲ ಒಂದೇ ಕಡೆ. ಆ ದಿನಗಳಲ್ಲಿ ಹಾವನ್ನು ಯಾರೂ ಹೊಡೆಯುವುದಿಲ್ಲ, ಅದೂ ಯಾರನ್ನೂ ಕಚ್ಚುವುದಿಲ್ಲ. ನೀರು ಇಳಿದ ಮೇಲೆ ಎರಡೂ ಕಡೆಯವರು ಮೊದಲಿನ ಹಾಗೆ. ಗಂಡಸರು ಬಿತ್ತನೆ ಮುಗಿಸಿ ಪಂಜಾಬಿಗೋ ಸೂರತ್ತಿಗೋ ಹೋಗುತ್ತಾರೆ. ಹೆಂಗಸರು ಬೆಳಗಾಗುವ ಮುಂಚೆ ಹೊಲಕ್ಕೆ ಹೋಗಿಬಂದು, ಬೆರಣಿ ತಟ್ಟಿ, ಎಮ್ಮೆಗೆ ಮೇವು ಕತ್ತರಿಸುವ ಯಂತ್ರ ತಿರುಗಿಸುತ್ತಾರೆ. ಅವಳ ನಾದಿನಿಯ ಮೂರು ಬೆರಳು ಅದಕ್ಕೆ ಹೋಗಿದ್ದವು. ಮದುವೆಯಾಗಿ ಬಂದ ವರ್ಷ ತಾನು ಇನ್ನಷ್ಟು ಉಪ್ಪು ಕೇಳಿದ್ದಕ್ಕೆ ಅತ್ತೆ ಇಕ್ಕಳ ಕಾಯಿಸಿ ಇಟ್ಟ ಬರೆಯನ್ನು ತೋಳು ಎತ್ತಿ ತೋರಿಸಿದಳು, ನಮ್ಮವರು ಒಡವೆ ತೋರಿಸುವ ಹಾಗೆ. ಊರಿನವರು ಮುಟ್ಟಿಸಿಕೊಳ್ಳದ ದಕ್ಷಿಣದ ಕೇರಿಯ ಹುಡುಗನೊಬ್ಬ ಮೇಲಿನವರ ಕೊಳದಲ್ಲಿ ಮುಳುಗು ಹಾಕಿದ್ದಕ್ಕೆ ಅವನನ್ನು ಹೊಡೆದು ಕಾಲು ಮುರಿದದ್ದನ್ನು ಹೇಳುವಾಗ, ಅವನು ಕುಂಟುವುದನ್ನು ಎದ್ದು ಅಭಿನಯಿಸಿ ನಕ್ಕಳು. ಅವಳ ಮನೆಯವರೇನೂ ಮೇಲಿನವರಲ್ಲ. ಅವರೂ ಆ ಕೊಳದಲ್ಲಿ ಒಂದು ಮೂಲೆಯಲ್ಲಿ ಮಾತ್ರ ನೀರು ಮುಟ್ಟಬಹುದಿತ್ತು.

ಒಂದು ಮಧ್ಯಾಹ್ನ ಅವರ ಕೇರಿಯ ಝುನಿಯಾ ಎಂಬ ಹುಡುಗಿಯ ಅಜ್ಜಿಯ ಕತೆ ಬಂತು. ಮೊಮ್ಮಗಳು ಮದುವೆಯಾಗಿ ಹೋದ ಮೇಲೆ ಆ ಮುದುಕಿ ಒಬ್ಬಂಟಿ. ಪಕ್ಕದ ಮನೆಯ ಬಾಣಂತಿ ಸತ್ತಾಗ ಮಂತ್ರವಾದಿ ಬಂದು, ಬತ್ತಿ ಹಚ್ಚಿ ನೋಡಿ, ಇವಳು ಡಾಯನ್ ಎಂದ. ನಮ್ಮಲ್ಲಿ ಮಾಟಗಾತಿ ಅನ್ನುವ ಹಾಗೆ. ಊರಿನವರು ಅವಳ ತಲೆ ಬೋಳಿಸಿ, ಬಾಯಿಗೆ ಹೊಲಸು ತುರುಕಿ, ಏರಿಯ ತನಕ ಹೊಡೆದುಕೊಂಡು ಹೋದರು. ಆಮೇಲೆ ಆ ಮುದುಕಿ ಏನಾದಳೋ ಯಾರಿಗೂ ಗೊತ್ತಿಲ್ಲ.

ನೀನು ಏನು ಮಾಡುತ್ತಿದ್ದೆ ಆಗ, ಎಂದು ಕೇಳಿದೆ.

‘ನಾನೂ ಪೊರಕೆ ತಗೊಂಡು ಹೋದೆ. ಹೋಗದೇ ಇದ್ದರೆ ನಾಳೆ ನನ್ನ ಹೆಸರು ಬರುತ್ತಿತ್ತಲ್ಲ’ ಎಂದಳು. ಕೈ ಅಕ್ಕಿಯಲ್ಲಿ ಕಲ್ಲು ಹುಡುಕುತ್ತಲೇ ಇತ್ತು.

ನಾನು ಆ ವಾರ ಹೋಗಲಿಲ್ಲ. ಮುಂದಿನ ವಾರ ಹೋದೆ. ಯಾಕೆ ಬರಲಿಲ್ಲ ಎಂದು ಅವಳು ಕೇಳಲೂ ಇಲ್ಲ; ಬಿಸೇಸರನಿಗೆ ಮೊದಲ ಸಲ ಜ್ವರ ಬಂದ ಕತೆ ಅರ್ಧಕ್ಕೆ ನಿಂತಿತ್ತು, ಅಲ್ಲಿಂದ ಮುಂದುವರಿಸಿದಳು.

ಊರು ಸಿಕ್ಕಿದ್ದು ಸೋಗಾನೆಯಲ್ಲಿ. ವಿಮಾನ ನಿಲ್ದಾಣದ ಕೆಲಸಕ್ಕೆ ಬಂದವರಲ್ಲಿ ಕೆಲವರು ಇನ್ನೂ ಆ ಕಡೆಯ ಶೆಡ್ಡುಗಳಲ್ಲಿದ್ದರು. ಒಂದು ಭಾನುವಾರ ಅವಳನ್ನು ಅಲ್ಲಿಗೆ ಕರೆದುಕೊಂಡು ಹೋದೆ. ಟೈಲ್ಸ್ ಕೆಲಸದ ಒಬ್ಬ ಮೇಸ್ತ್ರಿ ಅವಳ ನಾಲ್ಕು ಮಾತು ಕೇಳಿ ಊಟದ ತಟ್ಟೆ ಕೆಳಗಿಟ್ಟ. ನೀಲಿಯ ತೊಟ್ಟಿ, ಮಂಗಳವಾರ ಎಮ್ಮೆ ಮಾರುವ ಸಂತೆ, ಏರಿ ಮುರಿದ ಜಾಗದ ಆಲದಮರ, ಎಲ್ಲವೂ ಅವನಿಗೆ ಗೊತ್ತಿತ್ತು. ನದಿಯ ಆಚೆ ದಡದವನು ಅವನು. ಭಾವಮೈದುನನಿಗೆ ಫೋನು ಮಾಡಿ ವಿಚಾರಿಸುತ್ತೇನೆ ಎಂದ. ವಾರ ಬಿಟ್ಟು ಹೋದಾಗ ಅವನು ಅವಳ ಮುಖ ನೋಡದೆ ನನ್ನ ಹತ್ತಿರ ಮಾತ್ರ ಮಾತಾಡಿದ. ಊರು ಇದೆ, ಅವಳು ಹೇಳಿದ್ದೆಲ್ಲ ಸರಿಯಾಗಿದೆ ಎಂದ. ಆದರೆ ಆ ಊರಿನಿಂದ ಯಾರೂ ಕಾಣೆಯಾಗಿಲ್ಲವಂತೆ.

ನಾನು ಮೊದಲನೆಯ ಮಾತನ್ನು ಕೇಳಿಸಿಕೊಂಡೆ. ಎರಡನೆಯದನ್ನು ಆ ಹಳ್ಳಿಯವರ ಉದಾಸೀನ ಎಂದುಕೊಂಡೆ. ವ್ಯಾನಿನಲ್ಲಿ ವಾಪಸು ಬರುವಾಗ ಗಂಗಮ್ಮ ಹಾಡು ಹೇಳಿಕೊಂಡು ಬಂದಳು.

ಮಾಘದ ಕೊನೆಗೆ ಹೊರಟೆವು. ಜೊತೆಗೆ ಕಾನ್‌ಸ್ಟೆಬಲ್ ಮಂಜುಳಾ. ಭದ್ರಾವತಿಯ ಹಳೇನಗರದ ಹುಡುಗಿ, ಗಟ್ಟಿ ಜೀವ; ಎರಡು ಮಾತು ಹಿಂದಿ ಬಾರದಿದ್ದರೂ ದಾರಿಯುದ್ದಕ್ಕೂ ಗಂಗಮ್ಮನಿಗೆ ಕನ್ನಡ ಕಲಿಸಿದಳು. ರೈಲಿನ ಕಿಟಕಿಯಲ್ಲಿ ಬಯಲು ಶುರುವಾದ ಮೇಲೆ ಗಂಗಮ್ಮ ತಲೆಗೆ ಎಣ್ಣೆ ಹಾಕಿ ಬಾಚಿಕೊಂಡಳು. ನಾಗರತ್ನಮ್ಮ ಕೊಡಿಸಿದ್ದ ಹೊಸ ಸೀರೆಯನ್ನು ಕೊನೆಯ ಸ್ಟೇಷನ್ನಿನ ವೇಟಿಂಗ್ ರೂಮಿನಲ್ಲಿ ಉಟ್ಟು, ಮಂಜುಳಾಳ ಕೈಯಿಂದ ಸೆರಗಿಗೆ ಪಿನ್ನು ಹಾಕಿಸಿಕೊಂಡಳು. ಮಗ ಗುರುತು ಹಿಡಿಯುತ್ತಾನಾ, ನಾನು ದಪ್ಪ ಆಗಿದ್ದೇನೆ ಎಂದು ಎರಡು ಮೂರು ಸಲ ಕೇಳಿದಳು.

ಅಲ್ಲಿನ ಠಾಣೆಯವರು ಮಫ್ಲರು ಸುತ್ತಿಕೊಂಡ ಒಬ್ಬ ಪೇದೆಯನ್ನು ಜೀಪಿನ ಜೊತೆ ಕಳಿಸಿದರು. ಸಾಸಿವೆ ಹೂಬಿಟ್ಟು ಎರಡೂ ಕಡೆ ಹಳದಿ. ಏರಿಯ ಮೇಲೆ ಕಬ್ಬಿನ ಗಾಡಿಗಳು. ಅವಳು ಹೇಳಿದ ಆಲದಮರ ಹೇಳಿದ ಜಾಗದಲ್ಲಿತ್ತು. ನೀಲಿಯ ತೊಟ್ಟಿಗಳಿದ್ದವು, ನಾಯಿಗಳೂ ಇದ್ದವು. ಊರ ಬಾಯಲ್ಲಿ ಇಳಿದು ಅವಳು ಮುಂದೆ ಮುಂದೆ ನಡೆದಳು, ನಾವು ಹಿಂದೆ. ಮಕ್ಕಳು ಓಡಿಬಂದವು. ದಾರಿಯಲ್ಲಿ ಎದುರಾದ ಹೆಂಗಸರನ್ನು ಅವಳು ಹೆಸರು ಹಿಡಿದು ಮಾತಾಡಿಸಿದಳು. ಒಬ್ಬಳೂ ನಿಲ್ಲಲಿಲ್ಲ. ಒಬ್ಬಳು ಮಗುವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಒಳಗೆ ಹೋಗಿ ಅಗುಳಿ ಹಾಕಿದಳು.

ಅವರ ಮನೆಯ ಬಾಗಿಲು ಇಟ್ಟಿಗೆಯ ಹೊಸ ಗೋಡೆಯಲ್ಲಿ ಕಪ್ಪಗೆ ಕೂತಿತ್ತು. ಅವಳು ಅದನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ಬೇವಿನ ಮರದ ಕೆಳಗೆ ಹಗ್ಗದ ಮಂಚದ ಮೇಲೆ ಒಬ್ಬ ಗಂಡಸು ಕೂತಿದ್ದ. ಅವನನ್ನು ಕಂಡ ಕೂಡಲೇ ಗಂಗಮ್ಮ ಪಿನ್ನು ಕಿತ್ತು, ಸೆರಗನ್ನು ತಲೆಯ ಮೇಲಿಂದ ಎದೆಯ ತನಕ ಎಳೆದುಕೊಂಡು ಪಕ್ಕಕ್ಕೆ ತಿರುಗಿ ನಿಂತಳು. ಊರು ಸುತ್ತ ಸೇರಿತು. ಪೇದೆ, ಈ ಹೆಂಗಸು ಯಾರು, ಎಂದು ಅವನನ್ನು ಕೇಳಿದ.

ಅವನು ಎದ್ದು ನಿಲ್ಲಲಿಲ್ಲ. ಗೊತ್ತಿಲ್ಲ ಎಂದ. ನನ್ನ ಹೆಂಡತಿ ಒಳಗಿದ್ದಾಳೆ ಎಂದು ಕೂಗಿ ಕರೆದ. ಕೈ ತುಂಬ ಹೊಸ ಬಳೆ ತೊಟ್ಟ ಒಬ್ಬ ಎಳೆಯ ಹೆಂಗಸು ಬಂದು ಬಾಗಿಲಲ್ಲಿ ನಿಂತಳು.

ಬಿಸೇಸರ ಯಾರು ಎಂದು ನಾನು ಕೇಳಿದೆ. ಇಪ್ಪತ್ತೆರಡು ಇಪ್ಪತ್ಮೂರರ ಯುವಕ ಮುಂದೆ ಬಂದ. ಅವಳದೇ ಮೂಗು, ಅವಳದೇ ಗಲ್ಲ. ಅಷ್ಟು ಜನರ ನಡುವೆಯೂ ಕೇಳದೆಯೇ ನಾನು ಗುರುತು ಹಿಡಿಯಬಹುದಿತ್ತು. ಅವನು ನೆಲ ನೋಡುತ್ತ, ನನ್ನ ತಾಯಿ ತೀರಿಕೊಂಡಿದ್ದಾಳೆ, ತಿಥಿಯ ಊಟ ಊರೇ ಉಂಡಿದೆ ಎಂದ. ಊರು ಹೌದು ಎಂದಿತು.

ಪೇದೆಗೆ ಬೇಗ ಮುಗಿಸಬೇಕಿತ್ತು. ಅವನು ಕೆಟ್ಟವನೇನಲ್ಲ. ಒಂದು ದಾರಿ ತೋರಿಸಿದ: ಇವಳು ಎಲ್ಲರೆದುರಿಗೆ ಗಂಡನ ಹೆಸರು ಹೇಳಲಿ, ಸರಿ ಇದ್ದರೆ ನಾನು ಬರೆದುಕೊಳ್ಳುತ್ತೇನೆ, ಮುಂದಿನದು ಕೋರ್ಟು ನೋಡಿಕೊಳ್ಳಲಿ. ನಾನು ಗಂಗಮ್ಮನ ಹತ್ತಿರ ಹೋಗಿ ಹೇಳಿದೆ. ಒಂದೇ ಒಂದು ಹೆಸರು. ಹೇಳಿದರೆ ಸಾಕು.

ಸೆರಗಿನೊಳಗೆ ತಲೆ ಅಡ್ಡ ಆಡಿತು.

ಮತ್ತೆ ಹೇಳಿದೆ. ಅವನೇ ನಿನ್ನನ್ನು ಇಲ್ಲ ಅನ್ನುತ್ತಿದ್ದಾನೆ, ಅವನ ಆಯುಸ್ಸು ನಿನಗೇಕೆ ಎಂದೆ. ತಲೆ ಮತ್ತೆ ಅಡ್ಡ ಆಡಿತು. ಅವನು ಮಂಚದ ಮೇಲೆ ಕೂತು ನೋಡುತ್ತಿದ್ದ. ಅವನಿಗೆ ಗೊತ್ತಿತ್ತು, ಅವಳು ಹೇಳುವುದಿಲ್ಲ ಎಂದು. ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ಮಂಜುಳಾ ನನ್ನ ಕೈ ಜಗ್ಗಿದಳು. ‘ಗೊತ್ತಿಲ್ದಿರೋ ಗಂಡಸಿಗೆ ಯಾಕೆ ಹಂಗೆ ಸೆರಗು ಎಳ್ಕೊಂಡ್ಳು ಅಂತ ಕೇಳಿ ಮೇಡಂ. ಪೊಲೀಸ್ನವನ ಮುಂದೆ ಎಳ್ಕೊಳ್ಲಿಲ್ಲ, ಬೇರೆ ಯಾರ ಮುಂದೂ ಎಳ್ಕೊಳ್ಲಿಲ್ಲ.’

ಕೇಳಿದೆ. ಇಲ್ಲಿ ಹೆಂಗಸರು ಎಲ್ಲರೂ ಮುಖ ಮುಚ್ಚುತ್ತಾರೆ ಎಂದು ಪೇದೆ ಹೇಳಿದ. ಯಾರೋ ನಕ್ಕರು. ಈ ಹೆಂಗಸು ಈ ಊರಿನವಳಲ್ಲ ಎಂದು ಬರೆದು, ಮಂಚದ ಮೇಲಿದ್ದವನ ಹೆಬ್ಬೆಟ್ಟು ಒತ್ತಿಸಿಕೊಂಡ.

ನೀರು ಕುಡಿಯುವ ನೆಪದಲ್ಲಿ ನಾನು ಹಿಂದಿನ ಮನೆಯ ಅಂಗಳಕ್ಕೆ ಹೋದೆ. ಅಲ್ಲಿ ಒಬ್ಬಳು ಮುದುಕಿ ಲೋಟ ತುಂಬಿ ಕೊಟ್ಟು, ನಾನು ಕುಡಿಯುವಷ್ಟು ಹೊತ್ತಿನಲ್ಲಿ ಎಲ್ಲ ಹೇಳಿದಳು. ಕಳೆದ ಮಳೆಗಾಲದ ಪ್ರವಾಹದಲ್ಲಿ ಏರಿಯ ಮೇಲೆ ಇವಳ ಮೈದುನನ ಎರಡು ಮಕ್ಕಳು ಒಂದೇ ವಾರದಲ್ಲಿ ವಾಂತಿಭೇದಿಯಾಗಿ ಸತ್ತವು. ಆ ಮಕ್ಕಳಿಗೆ ಇವಳೇ ಗಂಜಿ ಕುಡಿಸುತ್ತಿದ್ದಳು. ಮಂತ್ರವಾದಿ ಬಂದ, ಬತ್ತಿ ಹಚ್ಚಿದ, ಹೆಸರು ಹೇಳಿದ. ಊರು ಹೊಡೆಯಲು ಬಂದಾಗ ಗಂಡ, ನಾನೇ ಕರೆದುಕೊಂಡು ಹೋಗಿ ಬಿಟ್ಟುಬರುತ್ತೇನೆ ಎಂದ. ಸೂರತ್ತಿಗೆ ಹೋಗೋಣ ಎಂದು ರೈಲು ಹತ್ತಿಸಿ, ಚಹಾ ತರುತ್ತೇನೆಂದು ಇಳಿದು ಮನೆಗೆ ಬಂದ. ಬಂದ ಮೇಲೆ ತಲೆ ಬೋಳಿಸಿಕೊಂಡು ಹೆಂಡತಿಯ ಕರ್ಮ ಮಾಡಿದ.

ಅವಳು ಯಾರಿಗೂ ಏನೂ ಮಾಡಿಲ್ಲ ಎಂದು ನಿನಗೆ ಗೊತ್ತಲ್ಲ, ಎಂದೆ.

‘ಝುನಿಯಾಳ ಅಜ್ಜಿಯೂ ಏನೂ ಮಾಡಿರಲಿಲ್ಲ. ಇವಳೂ ಹೊಡೆದಳು. ನಾನೂ ಹೊಡೆದೆ. ಲೋಟ ಕೊಡು ಇಲ್ಲಿ, ಕತ್ತಲಾಗೋದರೊಳಗೆ ಕರಕೊಂಡು ಹೋಗು’ ಎಂದಳು.

ಏರಿಯ ಮೇಲೆ ಪೇದೆ ಯಾರೊಂದಿಗೋ ಮಾತಾಡುತ್ತ ಜೀಪು ನಿಲ್ಲಿಸಿಕೊಂಡಿದ್ದಾಗ ಬಿಸೇಸರ ಸೈಕಲ್ಲಿನಲ್ಲಿ ಬಂದ. ಸೂರ್ಯ ಸಾಸಿವೆಯ ಹೊಲಕ್ಕೆ ಇಳಿದಿದ್ದ. ಅವನು ಜೀಪಿಗೆ ಸ್ವಲ್ಪ ದೂರದಲ್ಲೇ ನಿಂತ. ಗಂಗಮ್ಮ ಇಳಿದು ಹೋದಳು, ಮಗನೆದುರು ಸೆರಗು ಹಿಂದಕ್ಕೆ ಸರಿಸಿದಳು. ಅಳಲಿಲ್ಲ. ಯಾಕೆ ಹೀಗೆ ಮಾಡಿದೆ ಎಂದೂ ಕೇಳಲಿಲ್ಲ.

‘ಎಮ್ಮೆ ಕರು ಹಾಕಿತಾ?’ ಎಂದಳು.

‘ಹಾಕಿತು. ಹೆಣ್ಣುಗರು.’

‘ಹಾಲು ಕೊಡುತ್ತಾ?’

‘ಕೊಡುತ್ತೆ.’

ಅವಳು ಅವನ ತೋಳು ಮುಟ್ಟಲು ಕೈ ಎತ್ತಿದಳು. ಅವನು ಸೈಕಲ್ಲನ್ನು ಇನ್ನೊಂದು ಕಡೆಗೆ ಸರಿಸಿಕೊಂಡ, ಅದು ನಡುವೆ ಬಂತು. ಈ ಸಲವೂ ನಿನಗೋಸ್ಕರ ಛಠ್ ಹಿಡಿದೆ, ಆದರೆ ಅಲ್ಲಿಯವರು ಮುರಿಸಿಬಿಟ್ಟರು, ನಿನಗೇನೂ ಆಗಲಿಲ್ಲ ತಾನೆ, ಎಂದು ಕೇಳಿದಳು.

‘ಇನ್ನುಮೇಲೆ ಮಾಡಬೇಡ’ ಎಂದ ಅವನು. ‘ನಿನ್ನ ಕರ್ಮ ಆಗಿಹೋಗಿದೆ. ಸತ್ತವರು ಹಿಡಿಯೋ ವ್ರತ ನನಗೆ ಒಳ್ಳೆಯದಲ್ಲ.’

ಆಮೇಲೆ ನನ್ನ ಕಡೆ ತಿರುಗಿ ದನಿ ತಗ್ಗಿಸಿದ. ಮತ್ತೆ ಕರೆದುಕೊಂಡು ಬರಬೇಡಿ ದೀದಿ, ಎರಡನೇ ಸಲ ಇವರು ರೈಲು ಹತ್ತಿಸುವುದಿಲ್ಲ ಎಂದ. ಹೆಂಡತಿಗೆ ಐದು ತಿಂಗಳು, ಮನೆಯಲ್ಲಿ ಡಾಯನ್ ಇದ್ದಳು ಎಂದು ಅವಳ ತೌರಿನವರು ಈಗಾಗಲೇ ಮಾತು ತೆಗೆದಿದ್ದಾರೆ ಎಂದೂ ಹೇಳಿದ. ಅವನ ಮೇಲೆ ಸಿಟ್ಟು ಮಾಡಲು ನಾನು ತುಂಬ ಪ್ರಯತ್ನಪಟ್ಟಿದ್ದೇನೆ. ಅರ್ಧ ಮಾತ್ರ ಆಗುತ್ತದೆ.

ವಾಪಸು ಬರುವ ದಾರಿಯುದ್ದಕ್ಕೂ ಅವಳು ಮಾತಾಡಲಿಲ್ಲ. ಮಂಜುಳಾ ಊಟ ಕಲಸಿ ಕೈಗಿಟ್ಟರೆ ತಿಂದಳು. ಬೆಂಗಳೂರು ದಾಟಿದ ಮೇಲೆ, ಅರಸೀಕೆರೆಯ ಹತ್ತಿರ ಇರಬೇಕು, ಕಿಟಕಿಯ ಕಡೆ ನೋಡುತ್ತ ‘ನೀರು ಕೊಡು’ ಎಂದಳು, ಕನ್ನಡದಲ್ಲಿ. ಮಂಜುಳಾ ಖುಷಿಯಾಗಿ ನನ್ನ ಮುಖ ನೋಡಿದಳು. ನನಗೆ ಖುಷಿಯಾಗಲಿಲ್ಲ.

ಧಾಮದಲ್ಲಿ ಊರಿಗೆ ಕಳಿಸಿದವರನ್ನು ಮತ್ತೆ ಸೇರಿಸಿಕೊಳ್ಳುವ ಕ್ರಮ ಇರಲಿಲ್ಲ. ಅವಳ ಮಂಚಕ್ಕೆ ಆಗಲೇ ಬೇರೆಯವರು ಬಂದಿದ್ದರು. ನಾಗರತ್ನಮ್ಮ ಬ್ಯಾಗು ಇಸಿದುಕೊಂಡು ಅಡುಗೆಮನೆಯ ಪಕ್ಕದ ಉಗ್ರಾಣದಲ್ಲಿ ಚಾಪೆ ಹಾಸಿಕೊಟ್ಟರು. ಏನಾಯ್ತು ಎಂದು ನನ್ನನ್ನು ಕೇಳಿದರು. ಹೇಳಿದೆ. ಅವರು, ತೊಟ್ಟಿಯ ನೀರು ಖಾಲಿ ಮಾಡಿಸಬೇಕು, ಪಾಚಿ ಕಟ್ಟಿದೆ ಎಂದು ಎದ್ದು ಹೋದರು.

ಗಂಗಮ್ಮ ಹಿಂದಿಯನ್ನು ಬಿಟ್ಟಳು. ನಾನು ಅವಳ ಮಾತಿನಲ್ಲಿ ಏನಾದರೂ ಕೇಳಿದರೆ ಕನ್ನಡದಲ್ಲಿ ಉತ್ತರ ಕೊಡುತ್ತಿದ್ದಳು, ಮೊದಲು ಒಂದೊಂದು ಪದ, ಆಮೇಲೆ ವಾಕ್ಯ. ಮಳೆಗಾಲದ ಹೊತ್ತಿಗೆ ಆಯಾಗಳ ಜೊತೆ ಮಾರಾಯ್ತಿ ಎಂದು ಜಗಳ ಆಡುವಷ್ಟು ಕಲಿತಿದ್ದಳು. ಅಡುಗೆಯ ಕೆಲಸ ಅವಳಿಗೇ ಬಂತು. ಕುಂಕುಮವನ್ನು ಬೈತಲೆಯಿಂದ ತೆಗೆದು, ನಮ್ಮ ಹಾಗೆ ಹಣೆಗೆ ಇಟ್ಟುಕೊಳ್ಳತೊಡಗಿದಳು. ದೀಪಾವಳಿ ಕಳೆದು ಛಠ್ ದಿನ ಬಂದಾಗ ನಾನು ಬೇಕೆಂದೇ ಧಾಮಕ್ಕೆ ಹೋಗಿ ಕೂತಿದ್ದೆ. ಅವಳು ನನ್ನೆದುರೇ ಎರಡು ಸಲ ಅನ್ನ ಹಾಕಿಸಿಕೊಂಡು, ಸಾರು ಸುರಿದುಕೊಂಡು, ತಟ್ಟೆ ಬೆರಳಲ್ಲಿ ಬಳಿದು ಉಂಡಳು.

ಅದಾದ ವರ್ಷ ಶಿವಮೊಗ್ಗ ಸ್ಟೇಷನ್ನಿನಿಂದ ಒಬ್ಬ ಎಳೆಯ ಹೆಂಗಸನ್ನು ಕರೆತಂದರು. ಇಪ್ಪತ್ತು ದಾಟಿರಲಿಕ್ಕಿಲ್ಲ, ಮುಂಗೈ ಮುರಿದು ಊದಿಕೊಂಡಿತ್ತು. ಒಂದೇ ಸಮನೆ ಏನೋ ಹೇಳಿಕೊಂಡು ಅಳುತ್ತಿದ್ದಳು. ನಾಗರತ್ನಮ್ಮ ನನಗೆ ಫೋನು ಮಾಡಿದರು. ನಾನು ಹೋಗುವ ಹೊತ್ತಿಗೆ ಗಂಗಮ್ಮನನ್ನೂ ಅಡುಗೆಮನೆಯಿಂದ ಕರೆಸಿದ್ದರು. ಆ ಹುಡುಗಿಯ ಮಾತು ಬಾಗಿಲಲ್ಲೇ ನನ್ನ ಕಿವಿಗೆ ಬಿತ್ತು. ಅದೇ ಮಾತು, ಅದೇ ನದಿಯ ಕಡೆಯದು. ನನ್ನನ್ನು ಮನೆಗೆ ಮುಟ್ಟಿಸಿ ಎನ್ನುತ್ತಿದ್ದಳು. ಕೈ ಯಾರು ಮುರಿದರು ಎಂಬುದನ್ನೂ ಹೇಳುತ್ತಿದ್ದಳು, ಬೇಗ ಬೇಗ, ಅಷ್ಟು ನನಗೆ ಹಿಡಿಯಲಾಗಲಿಲ್ಲ.

ಗಂಗಮ್ಮ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಪೂರ್ತಿ ಕೇಳಿಸಿಕೊಂಡಳು. ಇವಳು ತನ್ನ ಕಡೆಯವಳೇ ಎಂದು ಹುಡುಗಿಗೆ ಹೇಗೋ ಗೊತ್ತಾಗಿಬಿಟ್ಟಿತ್ತು. ತೆವಳಿ ಬಂದು, ಸರಿ ಇದ್ದ ಕೈಯಲ್ಲಿ ಗಂಗಮ್ಮನ ಸೀರೆಯ ಅಂಚು ಹಿಡಿದು, ಅಮ್ಮಾ ಎನ್ನುವ ಹಾಗೆ, ಮಾಯಿ, ಮಾಯಿ ಎಂದಳು.

ಏನಂತಾಳೆ, ಎಂದು ನಾಗರತ್ನಮ್ಮ ಕೇಳಿದರು.

‘ನಂಗೆ ಆ ಭಾಷೆ ಬರಲ್ಲ ಮೇಡಂ’ ಎಂದಳು ಗಂಗಮ್ಮ. ‘ಟೀಚರಮ್ಮನ್ನ ಕೇಳಿ, ಅವ್ರು ಓದಿದಾರೆ.’

ಬಗ್ಗಿ, ಹುಡುಗಿಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ‘ಬಿಡು ಮಾರಾಯ್ತಿ, ಒಲೆ ಮೇಲೆ ಅನ್ನ ಇದೆ’ ಎಂದು ಅವಳಿಗೆ ಕನ್ನಡದಲ್ಲೇ ಹೇಳಿ ಒಳಗೆ ಹೋದಳು.